ಪಕ್ಕದವರನ್ನು ಬಿಡಿ, ನನ್ನನ್ನೇ ಕೇಳಿ

“ಬೇಜಾರು ಮಾಡ್ಕೋಬೇಡಿ, ನಿಮ್ಮನ್ನ ಏನಂತ ಕರೀಬೇಕು? ಕುರುಡರು ಅನ್ಬೇಕಾ, ಅಂಧರು ಅನ್ಬೇಕಾ, ವಿಶೇಷಚೇತನರು ಅನ್ಬೇಕಾ?”

ಮದುವೆ ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಇದೇ ಪ್ರಶ್ನೆ. ನನಗೊಂದು ಹೆಸರಿದೆ, ಹಾಗೇ ಕರೆಯಿರಿ. ಕಣ್ಣಿನ ವಿಷಯ ಹೇಳಲೇಬೇಕಾದರೆ ‘ಕಣ್ಣು ಕಾಣಲ್ಲ’ ಅನ್ನಿ. ಇರೋದೇ ಅದು. ಬೇರೆಯವರಿಗೆ ಬೇರೆ ಪದ ಇಷ್ಟ ಇರಬಹುದು. ಅದನ್ನು ಅವರ ಹತ್ತಿರವೇ ಕೇಳಿ.

ನನಗೆ ಬೇಜಾರಾಗುವ ಜಾಗವೇ ಬೇರೆ. ಹಿಂದೊಮ್ಮೆ ಚೆಕ್‌ಬುಕ್ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಗಾಡಿ ಓಡಿಸಲು ತಮ್ಮ ಬಂದಿದ್ದ. ಕೌಂಟರಿನಲ್ಲಿ ಫಾರಂ ಕೊಟ್ಟವನು ನಾನು. ಮಾತು ಹೋಗಿದ್ದು ತಮ್ಮನ ಕಡೆಗೆ. “ಇವರಿಗೆ ಸಹಿ ಮಾಡೋಕೆ ಬರುತ್ತಾ? ಚೆಕ್‌ಬುಕ್ ಯಾಕಂತೆ ಇವರಿಗೆ?” ಅವರ ಧ್ವನಿ ನನ್ನ ಎಡಕ್ಕೆ ತಿರುಗಿದ್ದು ನನಗೆ ಚೆನ್ನಾಗಿ ಗೊತ್ತಾಯಿತು. ತಮ್ಮ ಮಾತಾಡಲಿಲ್ಲ. ಗಾಡಿಯ ಕೀಲಿಯನ್ನು ಟಕಟಕ ಅಂತ ಕುಟ್ಟುತ್ತಿದ್ದ. ಸಿಟ್ಟು ಬಂದರೆ ಅವನು ಹಾಗೇ.

“ಮೇಡಂ, ಖಾತೆ ನನ್ನದು, ನನ್ನನ್ನೇ ಕೇಳಿ. ಕಣ್ಣು ಕಾಣಲ್ಲ ಅಂತ ಚೆಕ್‌ಬುಕ್, ಎಟಿಎಂ, ಲಾಕರ್ ಯಾವುದನ್ನೂ ಇಲ್ಲ ಅನ್ನಬಾರದು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ” ಅಂದೆ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು: “ಸರ್, ಸಹಿ ಹಾಕೋ ಜಾಗ ನಿಮಗೆ ಹೇಗೆ ತೋರಿಸ್ಲಿ?”

ಎಷ್ಟು ಒಳ್ಳೆಯ ಪ್ರಶ್ನೆ! ಗೆರೆಗೆ ಸರಿಯಾಗಿ ಸ್ಕೇಲ್ ಇಡಿ ಅಂದೆ. ಇಟ್ಟರು. ಸ್ಕೇಲಿನ ಅಂಚು ಮುಟ್ಟಿಕೊಂಡು ಸಹಿ ಹಾಕಿದೆ. ಎರಡು ನಿಮಿಷದ ಕೆಲಸ.

ಹಾಗೆ ಕೇಳಿ. ನೋಟು ಹೇಗೆ ಗೊತ್ತಾಗುತ್ತೆ ಅಂತ ಕೇಳಿ, ಹೇಳ್ತೀನಿ. ಈಗಿನ 100ರ ನೋಟಿನ ಅಂಚಿನಲ್ಲಿ 4 ಉಬ್ಬು ಗೆರೆ, 500ರದಕ್ಕೆ 5. ಹಳೆಯದಾದರೆ ಗೆರೆ ಸವೆದಿರುತ್ತದೆ, ಆಗ ಉದ್ದ ನೋಡುತ್ತೇನೆ. ರಸ್ತೆ ದಾಟಿಸಲಾ ಅಂತಲೂ ಕೇಳಿ, ಆದರೆ ಉತ್ತರಕ್ಕೆ ಕಾಯಿರಿ. ಸುಮ್ನೆ ಬಂದು ಕೋಲು ಹಿಡಿದು ಎಳೆಯಬೇಡಿ. ಬೇಕಾದರೆ ನಾನೇ ನಿಮ್ಮ ಮೊಣಕೈ ಹಿಡಿದುಕೊಳ್ಳುತ್ತೇನೆ.

“ಕ್ರಿಕೆಟ್ ಆಡ್ತೀರಾ?” ಅಂತ ಮಾತ್ರ ಯಾರೂ ಕೇಳಲ್ಲ. ಆಡ್ತೀನಿ! ನಮ್ಮದು ಪ್ಲಾಸ್ಟಿಕ್ ಚೆಂಡು, ಒಳಗೆ ಬೇರಿಂಗ್ ಗುಂಡುಗಳು. ಬೌಲರ್ ‘ಪ್ಲೇ’ ಅಂತ ಕೂಗಿ ಅಂಡರ್‌ಆರ್ಮ್ ಹಾಕುತ್ತಾನೆ. ಗಲಗಲ ಅಂತ ನೆಲಕ್ಕಂಟಿ ಬರುವ ಸದ್ದಿಗೆ ಮಂಡಿಯೂರಿ ಬ್ಯಾಟ್ ಬೀಸಬೇಕು. ಅಂಧರ ಮೊದಲ ಟಿ20 ವಿಶ್ವಕಪ್ 2012ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿದೆವು. ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್.

ಒಂದು ಭಾನುವಾರ ನಮ್ಮ ಆಟಕ್ಕೆ ಬನ್ನಿ. ಓವರ್ ಮಧ್ಯೆ ಎಷ್ಟು ಬೇಕಾದರೂ ಪ್ರಶ್ನೆ ಕೇಳಿ. ಚೆಂಡು ಉರುಳುವಾಗ ಮಾತ್ರ ಸುಮ್ಮನಿರಿ, ನಮಗೆ ಅದು ಕೇಳಿಸಬೇಕು.