ನಡುಬೀದಿಯ ಕ್ಯಾಮೆರಾ, ಅಮ್ಮನ ಹೆಬ್ಬೆಟ್ಟು

“ಏನೇ ಅದು, ನಡುಬೀದೀಲಿ ಬೋರ್ಡು ನಿಲ್ಸವ್ರೆ?”

ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ಕ್ರಾಯ್ಡನ್‌ಗೆ ಬಂದು ಎರಡು ವಾರವಾಗಿತ್ತು. ಕಳೆದ ನವೆಂಬರ್. ಸರ್ರೆ ಸ್ಟ್ರೀಟ್ ಸಂತೆಯಲ್ಲಿ ಬಟ್ಟಲು ಲೆಕ್ಕದಲ್ಲಿ ಮಾರುವ ಬದನೆಕಾಯಿ, ಮೆಣಸಿನಕಾಯಿ ತಗೊಂಡು ನಾರ್ತ್ ಎಂಡ್ ಬೀದಿಗೆ ಬಂದಿದ್ದೆವು. ಲಂಡನ್ನಿನ ದಕ್ಷಿಣಕ್ಕಿರುವ ನಮ್ಮ ಊರಿನಲ್ಲಿ ಗಾಡಿ ಓಡಾಡದ, ಬರೀ ಅಂಗಡಿ ಸಾಲಿನ ಬೀದಿ ಅದು. ನಾಲ್ಕು ಗಂಟೆಗೇ ಕತ್ತಲು ಇಳಿಯುತ್ತಿತ್ತು. ದಾರಿ ಮಧ್ಯೆ ಒಂದು ಫಲಕ: ಇಲ್ಲಿ ಪೊಲೀಸರು ಲೈವ್ ಫೇಶಿಯಲ್ ರೆಕಗ್ನಿಷನ್ ಬಳಸುತ್ತಿದ್ದಾರೆ. ಕಂಬದ ಮೇಲೆ ಕ್ಯಾಮೆರಾ. ಸ್ವಲ್ಪ ದೂರದಲ್ಲಿ ಫೋನ್ ಹಿಡಿದು ನಿಂತ ಪೊಲೀಸರು.

“ಹೋಗಿ ಬರೋರ ಮುಖ ಎಲ್ಲಾ ಆ ಕ್ಯಾಮೆರಾ ನೋಡುತ್ತಮ್ಮ. ಪೊಲೀಸರಿಗೆ ಬೇಕಾದವರ ಪಟ್ಟಿ ಒಂದಿರುತ್ತೆ. ಅದರಲ್ಲಿರೋ ಯಾರದಾದರೂ ಮುಖಕ್ಕೆ ತಾಳೆಯಾದರೆ ಪೊಲೀಸರ ಫೋನಿಗೆ ಸುದ್ದಿ ಬರುತ್ತೆ” ಅಂದೆ.

ಅಮ್ಮ ತಲೆ ಎತ್ತಿ ಕಂಬ ನೋಡಿದಳು. ಮಫ್ಲರ್ ಕೆಳಗೆ ಸರಿಸಿ, ಮುಖ ಪೂರ್ತಿ ಕಾಣುವ ಹಾಗೆ ಮಾಡಿಕೊಂಡು, “ನಂದು ಬರ್ದೆ ಹೋದ್ರೆ ಬಿಡಲ್ವೇನೆ?” ಅಂದಳು.

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಅಮ್ಮನಿಗೆ ಗೊತ್ತಿರುವ ಯಂತ್ರ ನ್ಯಾಯಬೆಲೆ ಅಂಗಡಿಯದು. ನಲವತ್ತು ವರ್ಷ ಕಳೆ ಕಿತ್ತು, ಕಾಯಿ ಸುಲಿದು, ಹುಣಸೆಹಣ್ಣು ಬಿಡಿಸಿ ಅವಳ ಹೆಬ್ಬೆಟ್ಟಿನ ಗೆರೆ ಸವೆದುಹೋಗಿವೆ. ತಿಂಗಳು ತಿಂಗಳೂ ಆ ಗಾಜಿನ ಮೇಲೆ ಬೆರಳೊತ್ತಿ, ಸೆರಗಿಗೆ ಒರೆಸಿ, ಮತ್ತೆ ಒತ್ತಿ, ‘ಬರ್ಲಿಲ್ಲ, ನಾಳೆ ಬಾರಮ್ಮ’ ಅನ್ನಿಸಿಕೊಂಡು ಖಾಲಿ ಚೀಲ ಹಿಡಿದು ಬಂದಿದ್ದಾಳೆ. ಇಲ್ಲಿನ ವೀಸಾಕ್ಕೂ ಹತ್ತು ಬೆರಳಿನ ಅಚ್ಚು ಕೊಡಬೇಕಾಯಿತು. ಬೆಂಗಳೂರಿನಲ್ಲಿ ಅಚ್ಚು ತೆಗೆದುಕೊಂಡ ಹುಡುಗಿ ಅಮ್ಮನ ಒಂದೊಂದು ಬೆರಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಕೂತು, ಬರಿಸಿಯೇ ಕಳಿಸಿದಳಂತೆ. ಆ ಹುಡುಗಿಯ ಹೆಸರು ಕೇಳಲಿಲ್ಲವಲ್ಲ ಅಂತ ಅಮ್ಮ ಈಗಲೂ ಪೇಚಾಡುತ್ತಾಳೆ.

ಯಂತ್ರಕ್ಕೆ ತಾಳೆಯಾದರೆ ಅಕ್ಕಿ, ಆಗದಿದ್ದರೆ ಇಲ್ಲ. ಇದು ಅವಳ ಲೋಕ. ಕ್ರಾಯ್ಡನ್ ಬೀದಿಯಲ್ಲಿ ಅದು ತಿರುವುಮುರುವು. ತಾಳೆಯಾದರೇ ಕಷ್ಟ. ಊರಿನ ಯಂತ್ರ ‘ಇವಳು ಅವಳೇನಾ?’ ಅಂತ ಒಬ್ಬಳನ್ನು ಕೇಳುತ್ತದೆ. ಇಲ್ಲಿನದು ‘ಇಷ್ಟು ಜನರಲ್ಲಿ ಅವನಿದ್ದಾನಾ?’ ಅಂತ ಎಲ್ಲರನ್ನೂ ಕೇಳುತ್ತದೆ. ಆದರೆ ಯಂತ್ರ ತಪ್ಪು ಹೇಳಿದಾಗ ಎದುರಿಗೆ ನಿಂತ ಮನುಷ್ಯ ಏನು ಮಾಡುತ್ತಾನೆ ಅನ್ನುವ ಪ್ರಶ್ನೆ ಎರಡೂ ಕಡೆ ಒಂದೇ. ಅವತ್ತಿನಿಂದ ನಾನು ಇದನ್ನು ಓದುತ್ತಲೇ ಇದ್ದೇನೆ.

ಕೆಲಸ ಮಾಡುವುದು ಹೀಗೆ. ಮುಖದ ಅಳತೆಗಳನ್ನು ಯಂತ್ರ ಅಂಕಿಗಳ ಒಂದು ಸರಣಿಯಾಗಿ ಮಾಡಿಕೊಂಡು, ಪಟ್ಟಿಯಲ್ಲಿರುವ ಮುಖಗಳ ಅಂಕಿಗಳ ಜೊತೆ ಹೋಲಿಸಿ, ಸೊನ್ನೆಯಿಂದ ಒಂದರವರೆಗೆ ಒಂದು ಅಂಕ ಕೊಡುತ್ತದೆ. ಇಂತಿಷ್ಟು ದಾಟಿದರೆ ಮಾತ್ರ ಸದ್ದು ಮಾಡು ಅಂತ ಮೊದಲೇ ಗೆರೆ ಎಳೆದಿರುತ್ತಾರೆ. ತಾಳೆಯಾಗದ ಮುಖದ ಅಂಕಿ ತಕ್ಷಣ ಅಳಿಸಿಹೋಗುತ್ತದೆ, ಪಟ್ಟಿಯನ್ನೂ 24 ಗಂಟೆಯೊಳಗೆ ಅಳಿಸಬೇಕು ಅನ್ನುವುದು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರ ನಿಯಮ.

ನಾನು ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಈ ಗೆರೆ ನನಗೆ ಹಳೆಯ ಪರಿಚಯ. ನಾವು ಅದಕ್ಕೆ ಕಟ್‌ಆಫ್ ಅನ್ನುತ್ತೇವೆ. ಕೆಳಗಿಳಿಸಿದರೆ ರೋಗವಿಲ್ಲದವರಿಗೂ ಪಾಸಿಟಿವ್ ಬರುತ್ತದೆ, ಮೇಲೇರಿಸಿದರೆ ರೋಗವಿದ್ದವರು ತಪ್ಪಿಸಿಕೊಳ್ಳುತ್ತಾರೆ. ಅದಕ್ಕೇ ಸ್ಕ್ರೀನಿಂಗ್‌ನಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ನಾವು ಯಾರನ್ನೂ ರೋಗಿ ಅನ್ನುವುದಿಲ್ಲ, ಇನ್ನೊಂದು ವಿಧಾನದಲ್ಲಿ ಖಚಿತಪಡಿಸಿಕೊಳ್ಳುತ್ತೇವೆ. ಪೊಲೀಸರ ಕ್ಯಾಮೆರಾವೂ ಸ್ಕ್ರೀನಿಂಗೇ. ಸಾವಿರಾರು ನಿರಪರಾಧಿಗಳ ನಡುವೆ ಒಬ್ಬಿಬ್ಬರನ್ನು ಹುಡುಕುವುದು.

ಶುರುವಿನಲ್ಲಿ ಅದು ಎಷ್ಟು ಎಡವಿತ್ತು ಅನ್ನುವುದಕ್ಕೆ ವೇಲ್ಸ್‌ನ ಕಾರ್ಡಿಫ್ ನಗರ ಸಾಕ್ಷಿ. 2017ರ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್ ದಿನ ಸೌತ್ ವೇಲ್ಸ್ ಪೊಲೀಸರ ಯಂತ್ರ 2,470 ಸಲ ಸದ್ದು ಮಾಡಿತು. ಅದರಲ್ಲಿ 2,297 ತಪ್ಪು. ಅದೇ ಊರಿನ ಎಡ್ ಬ್ರಿಡ್ಜಸ್ ಅನ್ನುವವರು, ಪೇಟೆಗೆ ಹೋದ ನನ್ನ ಮುಖವನ್ನು ಕೇಳದೆ ಯಾಕೆ ತೆಗೆದುಕೊಂಡಿರಿ ಅಂತ ಕೋರ್ಟಿಗೆ ಹೋದರು. 2020ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು: ಪಟ್ಟಿಗೆ ಯಾರನ್ನು ಸೇರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಪೊಲೀಸರ ಮರ್ಜಿಗೇ ಬಿಟ್ಟದ್ದು ತಪ್ಪು, ಬಣ್ಣ, ಲಿಂಗ ನೋಡಿ ಯಂತ್ರ ಭೇದ ಮಾಡುತ್ತದೆಯೇ ಅಂತ ಪರೀಕ್ಷಿಸದೇ ಇದ್ದದ್ದೂ ತಪ್ಪು.

ಆ ತೀರ್ಪಿನ ಮೇಲೆ ಪೊಲೀಸರು ದೇಶದ ಅಳತೆಯ ಮಾನದಂಡ ನೋಡಿಕೊಳ್ಳುವ, ಟೆಡ್ಡಿಂಗ್ಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗೆ ಪರೀಕ್ಷೆ ಒಪ್ಪಿಸಿದರು. 2023ರ ವರದಿ ಪ್ರಕಾರ, ಗೆರೆ 0.6ರಲ್ಲಿದ್ದು ಪಟ್ಟಿಯಲ್ಲಿ 10,000 ಮುಖಗಳಿದ್ದರೆ ಸುಮಾರು 6,000 ಜನ ಹಾದುಹೋದಾಗ ಒಂದು ತಪ್ಪು ಸದ್ದು, ಜನಾಂಗಗಳ ನಡುವೆ ಗಣನೀಯ ವ್ಯತ್ಯಾಸವಿಲ್ಲ. ಗೆರೆ ಅದಕ್ಕಿಂತ ಇಳಿಸಿದರೆ ಮಾತ್ರ ತಪ್ಪಿನ ಭಾರ ಕಪ್ಪು ಜನರ ಮೇಲೆ ಬೀಳತೊಡಗುತ್ತದೆ. ಒಂದು ಅಂಕಿಯನ್ನು ಎಲ್ಲಿಡಬೇಕು ಅನ್ನುವ ತೀರ್ಮಾನದಲ್ಲಿ ಯಾರೋ ಒಬ್ಬರ ಇಡೀ ಮಧ್ಯಾಹ್ನ, ಮರ್ಯಾದೆ ಎರಡೂ ಅಡಗಿವೆ.

ಈಗಿನ ಲೆಕ್ಕ ಬಹಳ ಸುಧಾರಿಸಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 2025ರ ಸೆಪ್ಟೆಂಬರ್‌ಗೆ ಮುಗಿದ ವರ್ಷದಲ್ಲಿ ಲಂಡನ್ ಪೊಲೀಸರು 30 ಲಕ್ಷಕ್ಕೂ ಹೆಚ್ಚು ಮುಖ ನೋಡಿ 962 ಬಂಧನ ಮಾಡಿದರು, ತಪ್ಪು ಸದ್ದು 10. ಅದೇ ವರ್ಷದ ಜನವರಿಯಲ್ಲಿ ದಕ್ಷಿಣ ಲಂಡನ್ನಿನ ಡೆನ್ಮಾರ್ಕ್ ಹಿಲ್ ಬಳಿ 73 ವರ್ಷದ ಒಬ್ಬನನ್ನು ಈ ಕ್ಯಾಮೆರಾ ಗುರುತಿಸಿತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಹಿಂದೆ ಶಿಕ್ಷೆಯಾದವನು, ಮಕ್ಕಳೊಂದಿಗೆ ಒಂಟಿಯಾಗಿ ಇರಬಾರದು ಅಂತ ಆದೇಶವಿದ್ದವನು. ಜೊತೆಯಲ್ಲಿ 6 ವರ್ಷದ ಹುಡುಗಿಯಿದ್ದಳು. ನನಗೂ ಏಳು ವರ್ಷದ ಮಗಳಿದ್ದಾಳೆ. ಆ ಸುದ್ದಿ ಓದಿದ ರಾತ್ರಿ, ಕ್ಯಾಮೆರಾ ಬೇಡವೇ ಬೇಡ ಅನ್ನುವುದು ನನ್ನಿಂದ ಸಾಧ್ಯವಾಗಲಿಲ್ಲ.

ಆದರೂ ಆ ಹತ್ತು ತಪ್ಪು ಸದ್ದುಗಳಲ್ಲಿ ಎಂಟು ಕಪ್ಪು ಜನರದ್ದು. ಹತ್ತು ಅನ್ನುವುದು ಸಣ್ಣ ಸಂಖ್ಯೆ, ಅದರಿಂದ ಏನೂ ಸಾಬೀತಾಗುವುದಿಲ್ಲ ಅಂತ ಪೊಲೀಸರ ವಾದ. ಲೆಕ್ಕವಾಗಿ ಒಪ್ಪಬಹುದು. ಕ್ರಾಯ್ಡನ್ನಿನಲ್ಲಿ ಕಪ್ಪು ಬಣ್ಣದ ಮಕ್ಕಳನ್ನು ಬೆಳೆಸುತ್ತಿರುವ ನನ್ನ ಸಹೋದ್ಯೋಗಿಗೆ ಮಾತ್ರ ಆ ಎಂಟು ಸಣ್ಣದಲ್ಲ. ಇದಲ್ಲದೆ, ಅಪರಾಧ ನಡೆದ ಮೇಲೆ ಫೋಟೊ ಹಾಕಿ ರಾಷ್ಟ್ರೀಯ ದತ್ತಾಂಶದಲ್ಲಿ ಹುಡುಕುವ ಇನ್ನೊಂದು ವ್ಯವಸ್ಥೆಯಿದೆ. 2025ರ ಡಿಸೆಂಬರ್‌ನಲ್ಲಿ ಅದರ ಪರೀಕ್ಷಾ ಫಲಿತಾಂಶ ಹೊರಬಂತು. ಒಂದು ಸೆಟ್ಟಿಂಗ್‌ನಲ್ಲಿ ತಪ್ಪು ಗುರುತಿನ ಪ್ರಮಾಣ ಬಿಳಿಯರಿಗೆ ಶೇ 0.04, ಏಷ್ಯಾ ಮೂಲದವರಿಗೆ ಶೇ 4, ಕಪ್ಪು ಜನರಿಗೆ ಶೇ 5.5. ಏಷ್ಯಾ ಮೂಲ ಅಂದರೆ ನಾನು, ನನ್ನ ಗಂಡ, ಬದನೆಕಾಯಿ ಚೀಲ ಹಿಡಿದ ಅಮ್ಮ. ಇದಕ್ಕೆಂದೇ ಪ್ರತ್ಯೇಕ ಕಾನೂನು ಈ ದೇಶದಲ್ಲಿ ಇಲ್ಲ. ಅದೇ ಡಿಸೆಂಬರ್‌ನಲ್ಲಿ ಸರ್ಕಾರ ಜನರ ಅಭಿಪ್ರಾಯ ಕೇಳಿತು. ನಾನೂ ಬರೆದು ಕಳಿಸಿದೆ.

ಹಿಂದಿನ ಕಾಲದಲ್ಲಿ ಹೊಸ ವಿದ್ಯೆ ಬಂದಾಗ ಇಲ್ಲಿನ ಪೊಲೀಸರು ಏನು ಮಾಡಿದ್ದರು ಅಂತ ಹುಡುಕುತ್ತಾ ಹೋದರೆ ಒಂದು ದಾರಿ ಕಲ್ಕತ್ತಕ್ಕೇ ಹೋಗಿ ಮುಟ್ಟಿತು. ಬೆರಳಚ್ಚಿನ ಬ್ಯೂರೊ ಶುರುವಾದದ್ದು 1897ರಲ್ಲಿ ಅಲ್ಲಿ. ಅಚ್ಚುಗಳನ್ನು ವಿಂಗಡಿಸುವ ಲೆಕ್ಕ ಕಟ್ಟುವುದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ದುಡಿದರು, ಹೆಸರು ಬಂದದ್ದು ಅವರ ಸಾಹೇಬ ಎಡ್ವರ್ಡ್ ಹೆನ್ರಿಗೆ. 1901ರಲ್ಲಿ ಆತ ಅದನ್ನು ಲಂಡನ್ ಪೊಲೀಸರ ಕೇಂದ್ರ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡ್‌ಗೆ ತಂದ. “ಹೆಬ್ಬೆಟ್ಟಿನ ವಿದ್ಯೆ ನಮ್ಮವರಿಂದ್ಲೇ ಇವರಿಗೆ ಬಂದಿದ್ದಮ್ಮ” ಅಂದಾಗ ಅಮ್ಮ ತನ್ನ ಹೆಬ್ಬೆಟ್ಟನ್ನೇ ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಇನ್ನೊಂದು ದಾರಿ ಇಂಗ್ಲೆಂಡಿನ ನಡುಭಾಗದ ಲೆಸ್ಟರ್ ಊರಿಗೆ. ಡಿಸೆಂಬರ್ ರಜೆಯಲ್ಲಿ ಗೆಳತಿಯ ಮನೆಗೆ ಅಂತ ನಾವು ಅಲ್ಲಿಗೆ ಹೋಗಿದ್ದೆವು. ಬೆಲ್‌ಗ್ರೇವ್ ರೋಡಿನಲ್ಲಿ ಸೀರೆ ಅಂಗಡಿ ನೋಡಿ ಅಮ್ಮ ಇದೂ ಚಿಕ್ಕಪೇಟೇನೇ ಅಂದಳು. ಮಾರನೇ ದಿನ ವಿಶ್ವವಿದ್ಯಾಲಯದ ಮುಂದೆ ನಡೆಯುತ್ತಾ ನಾನು ಅವಳಿಗೆ ಹೇಳಿದ ಕಥೆ ಇದು.

1984ರ ಸೆಪ್ಟೆಂಬರ್ 10, ಬೆಳಿಗ್ಗೆ. ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿ ತನ್ನ ಲ್ಯಾಬಿನಲ್ಲಿ ಒಂದು ಎಕ್ಸ್‌ರೇ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದರು. ಅಂಗಡಿ ಸಾಮಾನಿನ ಮೇಲಿನ ಬಾರ್‌ಕೋಡ್ ಥರ ಕಪ್ಪು ಪಟ್ಟಿಗಳು. ಒಬ್ಬರ ಪಟ್ಟಿಯ ಹಾಗೆ ಇನ್ನೊಬ್ಬರದಿರಲಿಲ್ಲ. ಮಕ್ಕಳಲ್ಲಿ ಮಾತ್ರ ಅಪ್ಪ ಅಮ್ಮನ ಪಟ್ಟಿಗಳು ಬೆರೆತು ಬಂದಿದ್ದವು. ಡಿಎನ್‌ಎ ಬೆರಳಚ್ಚು ಹುಟ್ಟಿದ್ದು ಹಾಗೆ.

ಅದನ್ನು ಮೊದಲು ಬಳಸಿದ್ದು ಯಾವ ಕೊಲೆಗಾರನನ್ನು ಹಿಡಿಯುವುದಕ್ಕೂ ಅಲ್ಲ. 1985ರಲ್ಲಿ ಘಾನಾದಿಂದ ಇಂಗ್ಲೆಂಡಿಗೆ ಮರಳಿದ ಒಬ್ಬ ಹುಡುಗನನ್ನು, ನೀನು ಈ ತಾಯಿಯ ಮಗನೇ ಅಲ್ಲ ಅಂತ ವಲಸೆ ಅಧಿಕಾರಿಗಳು ತಡೆದಿದ್ದರು. ಜೆಫ್ರೀಸ್ ತಾಯಿಯದು, ಅವಳ ಉಳಿದ ಮಕ್ಕಳದು, ಈ ಹುಡುಗನದು, ಎಲ್ಲರ ರಕ್ತ ಪರೀಕ್ಷಿಸಿ ಇವನು ಇವಳ ಮಗನೇ ಅಂತ ತೋರಿಸಿಕೊಟ್ಟರು. ಮಗ ತಾಯಿಯ ಹತ್ತಿರ ಉಳಿದ. ಇದನ್ನು ಹೇಳಿದಾಗ ಅಮ್ಮ ರಸ್ತೆಯಲ್ಲೇ ನಿಂತುಬಿಟ್ಟಳು. “ಹೆತ್ತೋಳು ಹೇಳಿದ್ರೂ ನಂಬ್ಲಿಲ್ವಾ?”

ಎರಡನೆಯದು ಇನ್ನೂ ದೊಡ್ಡದು. ಲೆಸ್ಟರ್ ಪಕ್ಕದ ನಾರ್ಬರೊದಲ್ಲಿ 1983ರಲ್ಲಿ, ಎಂಡರ್ಬಿಯಲ್ಲಿ 1986ರಲ್ಲಿ, ಹದಿನೈದು ವರ್ಷದ ಇಬ್ಬರು ಹುಡುಗಿಯರ ಅತ್ಯಾಚಾರ, ಕೊಲೆ. ಹದಿನೇಳು ವರ್ಷದ ಹುಡುಗನೊಬ್ಬ ಸಿಕ್ಕಿದ. ಎರಡನೇ ಕೊಲೆಯನ್ನು ತಾನೇ ಮಾಡಿದೆ ಅಂತ ಒಪ್ಪಿಕೊಂಡೂ ಬಿಟ್ಟ. ಮೊದಲನೆಯದೂ ಇವನದೇ ಅಂತ ಸಾಬೀತು ಮಾಡಲು ಪೊಲೀಸರು ಜೆಫ್ರೀಸರ ಬಳಿ ಹೋದರು. ಫಿಲ್ಮ್ ಹೇಳಿದ್ದೇ ಬೇರೆ. ಎರಡೂ ಕೊಲೆ ಮಾಡಿದವನು ಒಬ್ಬನೇ, ಆದರೆ ಈ ಹುಡುಗನಲ್ಲ. ಅಲ್ಲಿ ಪೊಲೀಸರು ಮಾಡಿದ್ದಕ್ಕೆ ನಾನು ಕೈ ಮುಗಿಯುತ್ತೇನೆ. ತಪ್ಪೊಪ್ಪಿಗೆ ಕೈಯಲ್ಲಿತ್ತು, ಊರು ರೊಚ್ಚಿಗೆದ್ದಿತ್ತು, ಪರೀಕ್ಷೆ ಹೊಸದು, ಪಕ್ಕಕ್ಕಿಡಬಹುದಿತ್ತು. ಇಡಲಿಲ್ಲ. ಹುಡುಗನನ್ನು ಬಿಟ್ಟು, ಸುತ್ತಲಿನ 5,000ಕ್ಕೂ ಹೆಚ್ಚು ಗಂಡಸರ ರಕ್ತ ಕೇಳಿ ಪಡೆದರು.

ಆದರೂ ಅಪರಾಧಿ ಅದರಲ್ಲಿ ಸಿಗಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ಎಂಬ ಬೇಕರಿ ಕೆಲಸಗಾರ ತನ್ನ ಹೆಸರಿನಲ್ಲಿ ಸಹೋದ್ಯೋಗಿಯೊಬ್ಬನಿಂದ ರಕ್ತ ಕೊಡಿಸಿದ್ದ. ಆ ಸಹೋದ್ಯೋಗಿ ಪಬ್ಬಿನಲ್ಲಿ ಬಾಯಿಬಿಟ್ಟ, ಜೊತೆಯಲ್ಲಿದ್ದ ಹೆಂಗಸೊಬ್ಬಳು ಕೇಳಿಸಿಕೊಂಡಳು, ಕೊನೆಗೆ ಪೊಲೀಸರಿಗೆ ಹೇಳಿದಳು. 1988ರ ಜನವರಿಯಲ್ಲಿ ಅವನಿಗೆ ಜೀವಾವಧಿಯಾಯಿತು. ಆ ಹೆಂಗಸು ಬಾಯಿ ಮುಚ್ಚಿಕೊಂಡಿದ್ದರೆ ಅಷ್ಟು ಜನರ ರಕ್ತ ತೆಗೆದದ್ದು ನೀರಿನಲ್ಲಿ ಹೋಮ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇದಕ್ಕೆ ಉಲ್ಟಾ ನಡೆಯಿತು. 2020ರ ಜನವರಿಯಲ್ಲಿ, ಅಂಗಡಿಯ ಮಬ್ಬು ವಿಡಿಯೊಗೆ ಯಂತ್ರ ತಾಳೆ ಹಾಕಿದ ಫೋಟೊ ನಂಬಿ, ಒಬ್ಬ ಅಮಾಯಕನನ್ನು ಹೆಂಡತಿ, ಹೆಣ್ಣುಮಕ್ಕಳ ಎದುರೇ ಕೈಕೋಳ ಹಾಕಿ ಒಯ್ದರು. ಆ ಮನುಷ್ಯನ ಮುಖ ಎದುರಿಗೇ ಇತ್ತು, ಕಣ್ಣೆತ್ತಿ ಹೋಲಿಸಿದ್ದರೆ ಸಾಕಿತ್ತು. 2024ರ ರಾಜಿಯಲ್ಲಿ ಅಲ್ಲಿನ ಪೊಲೀಸರು, ಯಂತ್ರದ ತಾಳೆಯೊಂದನ್ನೇ ನಂಬಿ ಯಾರನ್ನೂ ಬಂಧಿಸುವುದಿಲ್ಲ ಅಂತ ಒಪ್ಪಿಕೊಳ್ಳಬೇಕಾಯಿತು.

ಊರಿನ ಓದುಗರಿಗೆ ಇಷ್ಟೆಲ್ಲ ಬರೆಯಲು ಕಾರಣವಿದೆ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿನ ಬೀದಿಗಳಲ್ಲೂ ಸಾವಿರಾರು ಕ್ಯಾಮೆರಾ ಬಂದಿವೆ, ಮುಖ ಗುರುತಿಸುವ ತಂತ್ರಾಂಶವೂ ಬಂದಿದೆ. ರಾತ್ರಿ ಪಾಳಿ ಮುಗಿಸಿ ಬರುವ ನನ್ನ ತಂಗಿಗೆ ಅದರಿಂದ ಧೈರ್ಯ ಬರುವುದಾದರೆ ನನಗೆ ಸಂತೋಷವೇ. ಆದರೆ ದೆಹಲಿ ಪೊಲೀಸರು ಮಾಹಿತಿ ಹಕ್ಕಿನಲ್ಲಿ ಕೊಟ್ಟ ಉತ್ತರ 2022ರಲ್ಲಿ ಹೊರಬಂದಾಗ, ಶೇ 80ರಷ್ಟು ಹೋಲಿಕೆ ಇದ್ದರೆ ತಾಳೆ ಅಂತಲೇ ಲೆಕ್ಕ ಅಂದಿದ್ದರು. ನಮ್ಮ ಬೆಂಗಳೂರಿನ ಗೆರೆ ಎಷ್ಟರಲ್ಲಿದೆ? ಪಟ್ಟಿಗೆ ಯಾರ್ಯಾರು ಸೇರುತ್ತಾರೆ? ತಪ್ಪು ಸದ್ದು ಎಷ್ಟಾಯಿತು ಅಂತ ವರ್ಷಕ್ಕೊಮ್ಮೆ ಜನರ ಮುಂದೆ ಇಡುತ್ತಾರಾ? ಇಲ್ಲಿ ಒಬ್ಬ ಬ್ರಿಡ್ಜಸ್ ಕೋರ್ಟಿಗೆ ಹೋದದ್ದರಿಂದ ಈ ಪ್ರಶ್ನೆಗಳಿಗೆ ಅರ್ಧಂಬರ್ಧವಾದರೂ ಉತ್ತರ ಬಂತು. ಅಲ್ಲಿಯೂ ಯಾರಾದರೂ ಕೇಳಬೇಕು. ಪಾಲಿಕೆಯನ್ನು, ಶಾಸಕರನ್ನು, ಮಾಹಿತಿ ಹಕ್ಕಿನ ಅರ್ಜಿಯಲ್ಲಿ. ಕೇಳುವುದು ಪೊಲೀಸರ ಮೇಲಿನ ದ್ವೇಷದಿಂದಲ್ಲ.

ಅವತ್ತು ನಾರ್ತ್ ಎಂಡ್‌ನಲ್ಲಿ ಅಮ್ಮನ ಕಡೆಯಿಂದ ನಾನೇ ಒಬ್ಬ ಪೊಲೀಸಿನವರನ್ನು ಕೇಳಿದೆ, ಇದು ತಪ್ಪು ತೋರಿಸಿದರೆ ಏನು ಮಾಡುತ್ತೀರಿ ಅಂತ. ಆಕೆ ಚಿಕ್ಕ ವಯಸ್ಸಿನವರು, ಚಳಿಗೆ ಮೂಗು ಕೆಂಪಾಗಿತ್ತು. ಮೊದಲು ಫೋನಿನಲ್ಲಿರುವ ಎರಡು ಚಿತ್ರವನ್ನೂ ನಾವೇ ನೋಡುತ್ತೇವೆ, ಅನುಮಾನವಿದ್ದರೆ ಮಾತಾಡಿಸುತ್ತೇವೆ, ಸದ್ದು ಬಂತು ಅಂದ ಮಾತ್ರಕ್ಕೆ ಹಿಡಿಯುವಂತಿಲ್ಲ ಅಂದರು. ಕನ್ನಡದಲ್ಲಿ ಹೇಳಿದೆ. ಅಮ್ಮ ಆಕೆಯ ಮುಖವನ್ನೇ ಒಂದು ಗಳಿಗೆ ನೋಡಿ, “ಕಣ್ಣಿಟ್ಟು ನೋಡ್ತಾರೆ ಅಂದ್ರೆ ಸರಿ ಬಿಡು” ಅಂತ ಮಫ್ಲರ್ ಸುತ್ತಿಕೊಂಡು ನಡೆದಳು.

ಅಮ್ಮ ಊರಿಗೆ ವಾಪಸಾದಳು. ಮೊನ್ನೆ ಭಾನುವಾರ ಫೋನಿನಲ್ಲಿ ರೇಷನ್ ಸಿಕ್ಕಿತಾ ಅಂದೆ.

“ಬೆರಳು ಬರ್ಲೇ ಇಲ್ಲ ಕಣೇ, ಮೂರು ಸಲ ಒತ್ತಿದ್ರೂ. ನಾಳೆ ಬಾರಮ್ಮ ಅಂದ. ಹುಟ್ಟಿದಾಗಿಂದ ನೋಡಿದೀಯಲ್ಲಪ್ಪ, ನಿನ್ ಕಣ್ಣಿಗೆ ನಾನು ಕಾಣ್ತಿಲ್ವಾ ಅಂದೆ.”

“ಏನಂದ?”

“ಸುಮ್ನಿದ್ದ. ಆಮೇಲೆ ಫೋನಿಗೆ ಅದೇನೋ ಒಟಿಪಿ ತರ್ಸಿ ಅಕ್ಕಿ ಅಳೆದುಕೊಟ್ಟ.”