ಬೆನ್ನಿಗಿಳಿದ ನೀರು

ನಾನು ಹೌಸ್ ಸರ್ಜನ್ ಆಗಿದ್ದಾಗಿನ ಮಾತು. ಬೆಂಗಳೂರಿನ ಒಂದು ಆಸ್ಪತ್ರೆ, ಗಂಡಸರ ವಾರ್ಡು. ಕಿಟಕಿ ಪಕ್ಕದ ಮಂಚದಲ್ಲಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಯಜಮಾನರೊಬ್ಬರು. ಹಾರ್ಟ್ ಫೇಲ್ಯೂರ್. ಬಂದಾಗ ಮಲಗಿದರೆ ಉಸಿರು ಕಟ್ಟುತ್ತಿತ್ತು, ಕಾಲು ಇಳಿಬಿಟ್ಟು ಕೂತೇ ರಾತ್ರಿ ಕಳೆಯುತ್ತಿದ್ದರು. ಮೊಣಕಾಲಿನವರೆಗೂ ಊತ. ಮೈಯಲ್ಲಿ ನಿಂತ ನೀರನ್ನು ಉಚ್ಚೆಯಲ್ಲಿ ಹೊರಹಾಕಿಸುವ ಲ್ಯಾಸಿಕ್ಸ್ ಇಂಜೆಕ್ಷನ್, 40 ಮಿ.ಗ್ರಾಂ., ದಿನಕ್ಕೆರಡು ಸಲ ಹೋಗುತ್ತಿತ್ತು.

ನಾಲ್ಕನೇ ಬೆಳಿಗ್ಗೆ ನೋಡಿದರೆ ಕಾಲು ಸಪೂರ, ಹಾಯಾಗಿ ಮಲಗಿದ್ದಾರೆ. ಕುಡಿದದ್ದೆಷ್ಟು, ಉಚ್ಚೆ ಹೋದದ್ದೆಷ್ಟು ಅಂತ ಬರೆಯುವ ಇನ್‌ಟೇಕ್-ಔಟ್‌ಪುಟ್ ಚಾರ್ಟಿನಲ್ಲಿ ಒಟ್ಟು 3 ಲೀಟರ್ ಮೈನಸ್. 'ಊತ ಇಳಿದಿದೆ, ನಾಳೆ ಡಿಸ್ಚಾರ್ಜ್' ಅಂತ ಕೇಸ್ ಶೀಟಿನಲ್ಲಿ ಬರೆದೇಬಿಟ್ಟೆ.

"ತೂಕ ನೋಡಿದ್ರಾ ಡಾಕ್ಟ್ರೇ?" ಅಂದರು ಹಿರಿಯ ಸಿಸ್ಟರ್.

ನೋಡಿರಲಿಲ್ಲ. ಬಂದ ದಿನ 71 ಕೆಜಿ, ಇವತ್ತು 70.4. ಮೈಯಿಂದ 3 ಲೀಟರ್ ನೀರು ಹೋದರೆ ಹೆಚ್ಚುಕಮ್ಮಿ 3 ಕೆಜಿ ಇಳಿಯಬೇಕು. ತೂಕದ ಮೆಷಿನ್ ಕೆಟ್ಟಿರಬೇಕು ಅಂದೆ. "ಅದೇ ಮೆಷಿನ್ನು, ಬೆಳಿಗ್ಗೆ ಒಂದಕ್ಕೆ ಹೋಗಿ ಬಂದ್ಮೇಲೆ, ತಿಂಡಿಗೆ ಮುಂಚೆ. ದಿನಾ ನಾನೇ ನಿಲ್ಲಿಸಿ ನೋಡೋದು" ಅಂದರು.

ಸರಿ, ಮೈಯಲ್ಲಿ ನೀರು ಇನ್ನೂ ಹೆಚ್ಚಿದೆಯಾ ಅಂತ ತಿಳಿಯಲು ಕತ್ತಿನ ಸಿರೆ ನೋಡೋಣ ಅಂತ ಹೊರಟೆ. ತಲೆಕಡೆ 45 ಡಿಗ್ರಿ ಎತ್ತಿ, ಎದೆಮೂಳೆಯ ಏಣಿನಿಂದ ಮಿಡಿತ ಎಷ್ಟು ಮೇಲಿದೆ ಅಂತ ಅಳೆಯಬೇಕು, 3 ಸೆಂ.ಮೀ. ದಾಟಿದರೆ ಒತ್ತಡ ಹೆಚ್ಚಿದೆ ಅಂತ ಲೆಕ್ಕ. ಮಂಚದ ಹಿಡಿ ತುಕ್ಕು ಹಿಡಿದಿತ್ತು, ದಿಂಬು ಒಟ್ಟಿದೆವು. ಆದರೆ ವರ್ಷಗಟ್ಟಲೆ ಸಿಂಬಿ ಮೇಲೆ ಮೂಟೆ ಹೊತ್ತ ಕತ್ತು ಅದು, ದಿಮ್ಮಿಯ ಹಾಗಿತ್ತು. ಏನೂ ಕಾಣಲಿಲ್ಲ. (ಕಂಡಿತು ಅಂತ ಬರೆಯುವವರೂ ಇದ್ದಾರೆ. ನಾನೂ ಒಂದೆರಡು ಸಲ ಬರೆದಿದ್ದೇನೆ.)

"ಸ್ವಲ್ಪ ಮಗ್ಗುಲಾಗಿ ಯಜಮಾನ್ರೇ" ಅಂದ ಸಿಸ್ಟರ್, ನನ್ನ ಹೆಬ್ಬೆರಳನ್ನೇ ಹಿಡಿದು ಅವರ ಸೊಂಟದ ಕೆಳಗಿನ ಮೂಳೆಯ ಮೇಲೆ ಒತ್ತಿಸಿದರು. ಬೆರಳು ತೆಗೆದೆ. ಗುಳಿ ಹಾಗೇ ಉಳಿಯಿತು. ಉಸಿರು ಸಲೀಸಾಗಿದ್ದೇ ಮನುಷ್ಯ ಕಾಲು ಮೇಲೆತ್ತಿ ಮಲಗಿದ್ದರು. ತಗ್ಗು ಎಲ್ಲಿದೆಯೋ ಅಲ್ಲಿಗೆ ನೀರು ಹರಿದಿತ್ತು.

ಇನ್ನು ಚಾರ್ಟಿನ ಆ 3 ಲೀಟರ್? ಮಂಚದ ಕೆಳಗಿದ್ದ ಸ್ಟೀಲ್ ಕ್ಯಾರಿಯರ್ ಕಡೆ ಕೈ ತೋರಿಸಿ ಕೇಳಿದೆ. ಅವರ ಹೆಂಡತಿಗೆ ಸಿಟ್ಟೇ ಬಂತು. "ನೀರು ಕೊಡ್ಬೇಡಿ ಅಂದಿದ್ರಿ, ಒಂದು ತೊಟ್ಟು ಕೊಟ್ಟಿಲ್ಲ ಸಾರ್. ರಾಗಿ ಗಂಜಿ ಕೊಟ್ಟೆ, ಮಜ್ಜಿಗೆ ಕೊಟ್ಟೆ ಅಷ್ಟೇ."

"ಉಪ್ಪು ಹಾಕಿದ್ರಾ?"

"ಉಪ್ಪಿಲ್ದೆ ಮಜ್ಜಿಗೆ ಯಾರು ಕುಡೀತಾರೆ?"

ತಪ್ಪು ಆಕೆಯದಲ್ಲ. ನೀರು ಅಂದರೆ ನಲ್ಲಿಯದ್ದು ಮಾತ್ರವಲ್ಲ ಅಂತ ನಾವ್ಯಾರೂ ಬಿಡಿಸಿ ಹೇಳಿರಲಿಲ್ಲ. ಉಚ್ಚೆಯನ್ನು ಮಿಲಿಲೀಟರ್ ಲೆಕ್ಕದಲ್ಲಿ ಅಳೆದವರು ಗಂಜಿಯನ್ನು ಕೇಳಿರಲೇ ಇಲ್ಲ.

ಬರೆದ ಸಾಲು ಹೊಡೆದುಹಾಕಿ ಸರ್‌ಗೆ ಹೇಳಿದೆ. ಲ್ಯಾಸಿಕ್ಸ್ 80ಕ್ಕೆ ಏರಿತು, ಔಷಧಿಯಿಂದ ಕಿಡ್ನಿಗೆ ಪೆಟ್ಟು ಬೀಳದಿರಲಿ, ಲವಣ ಏರುಪೇರಾಗದಿರಲಿ ಅಂತ ರಕ್ತದ ಕ್ರಿಯಾಟಿನಿನ್, ಪೊಟ್ಯಾಸಿಯಂ ದಿನಾ ನೋಡಿದೆವು. ಆಮೇಲೆ ತೂಕಕ್ಕೆ ನಾನೇ ನಿಲ್ಲುತ್ತಿದ್ದೆ. 69, 67.8, ಕೊನೆಗೆ 66.

"ಮೂಟೆ ತೂಗಿದಂಗೆ ತೂಗ್ತೀರಲ್ಲ ಸಾರ್" ಅಂದರು ಯಜಮಾನರು, ಮೆಷಿನ್ನಿಂದ ಇಳಿಯುತ್ತಾ. "ನಮ್ಮ ಮಂಡೀಲಿ ಇಷ್ಟು ಕಡಿಮೆ ಬಂದಿದ್ರೆ ಕೂಲೀಲಿ ಮುರ್ಕೋತಿದ್ರು."