ಕಾಫಿಪುಡಿಗೆ ಚಿಕೋರಿ ಎಷ್ಟು ಅಂತ ಕೇಳುತ್ತಾರೆ, ಪೆಟ್ರೋಲಿಗೆ ಯಾಕೆ ಕೇಳಲ್ಲ?

ನಮ್ಮ ಕೊಡಗಿನಲ್ಲಿ ಕಾಫಿಪುಡಿ ಅಂಗಡಿಗೆ ಹೋದರೆ ಮೊದಲ ಪ್ರಶ್ನೆಯೇ "ಚಿಕೋರಿ ಎಷ್ಟು ಹಾಕಲಿ?" ಅಂತ. 80:20 ಅನ್ನಬಹುದು, 70:30 ಅನ್ನಬಹುದು, ಚಿಕೋರಿಯೇ ಬೇಡ ಅಂತಲೂ ಅನ್ನಬಹುದು. ಕಣ್ಣೆದುರೇ ತೂಗಿ ಬೆರೆಸಿ ಕೊಡುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಸಿಗುವುದೂ ಈಗ 80:20 ಮಿಶ್ರಣವೇ, 80 ಪೆಟ್ರೋಲ್, 20 ಎಥೆನಾಲ್ ಅನ್ನುವ ಮದ್ಯಸಾರ. ಆದರೆ ಅಲ್ಲಿ ಕೇಳುವುದು "ಎಷ್ಟಕ್ಕೆ ಸಾರ್?" ಅಂತ ಮಾತ್ರ.

ಈ ಶೇ 20 ಎಥೆನಾಲ್ ಮಿಶ್ರಣ, ಅಂದರೆ ಇ20 ಪೆಟ್ರೋಲ್ ಬಿಡುಗಡೆಯಾಗಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಆಮೇಲೆ ಮೈಲೇಜ್ ಜಗಳ ವಾಟ್ಸಾಪ್ ಗ್ರೂಪುಗಳಲ್ಲಿ ಬೇಕಾದಷ್ಟು ನಡೆದಿದೆ. ಇ10ಕ್ಕೆ ಟ್ಯೂನ್ ಮಾಡಿದ ಹಳೆ ಕಾರುಗಳಿಗೆ ಇ20 ಹಾಕಿದರೆ ಮೈಲೇಜ್ ಶೇ 6-7ರಷ್ಟು, ಬೈಕುಗಳಲ್ಲಿ ಶೇ 3-4ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ, ಹಾಗಾಗಿ ಇದರಲ್ಲಿ ಆಶ್ಚರ್ಯ ಏನಿಲ್ಲ. ನನ್ನ ತಕರಾರು ಕಾರಿನದ್ದಲ್ಲ, ಕಳೆ ಹೊಡೆಯುವ ಮಿಷನ್‌ದು.

ಮಳೆ ಹಿಡಿದ ಮೇಲೆ ತೋಟದಲ್ಲಿ ಕಳೆ ಹೇಗೆ ಏಳುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆಳು ಸಿಗದೆ ಈಗ ಸಣ್ಣ ತೋಟದವರ ಮನೆಯಲ್ಲೂ ಒಂದು ಮಿಷನ್ ಇರುತ್ತದೆ. ಕಳೆ ಹೊಡೆದು ಮುಗಿದ ಮೇಲೆ ಅದು ತಿಂಗಳುಗಟ್ಟಲೆ ಶೆಡ್ಡಿನಲ್ಲೇ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನೊಳಗಿನ ಎಥೆನಾಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಜುಲೈ ತಿಂಗಳ ಮಡಿಕೇರಿ ಗಾಳಿಯಲ್ಲಿ ತೇವಕ್ಕೇನು ಬರ? ನೀರು ಒಂದು ಮಟ್ಟ ದಾಟಿದರೆ ಎಥೆನಾಲ್ ಪೆಟ್ರೋಲಿನ ಸಹವಾಸ ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಟೂ-ಸ್ಟ್ರೋಕ್ ಇಂಜಿನ್ ಸವೆಯದಿರಲಿ ಅಂತ ನಾವು ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಮಿಷನ್ ಎಳೆಯುವುದು ತಳದಿಂದ. ಅಂದರೆ ಆಯಿಲ್ ಇಲ್ಲದ, ನೀರು ಸೇರಿದ ಎಥೆನಾಲ್ ಒಳಗೆ ಹೋಗುತ್ತದೆ. ಸ್ಟಾರ್ಟ್ ಆಗದಿದ್ದರೆ ನಿಮ್ಮ ಪುಣ್ಯ. ಆಗಿ ಓಡಿದರೆ ಪಿಸ್ಟನ್ ಕಥೆ ಮುಗಿಯಿತು.

"ಹಾಗಿದ್ದರೆ ಬಂಕಿನವರೇ ಕಡಿಮೆ ಬೆರೆಸಿ ಕೊಡಬಹುದಲ್ವಾ?" ಅಂತ ಪಕ್ಕದ ತೋಟದ ಅಂಕಲ್ ಕೇಳಿದರು. ಕೊಡಲು ಆಗಲ್ಲ. ಬೆರೆಸುವುದು ಬಂಕಿನಲ್ಲಲ್ಲ, ತೈಲ ಕಂಪನಿಯ ಡಿಪೋದಲ್ಲಿ. ಎಥೆನಾಲ್‌ಗೆ ನೀರಿನ ಮೇಲೆ ಇಷ್ಟು ಪ್ರೀತಿ ಇರುವುದರಿಂದ, ಪೆಟ್ರೋಲನ್ನೂ ಅದನ್ನೂ ಬೇರೆ ಬೇರೆಯಾಗಿಯೇ ಡಿಪೋಗೆ ತಂದು ಕೊನೆಯಲ್ಲಿ ಲಾರಿಗೆ ತುಂಬುವ ಹೊತ್ತಿಗೆ ಸೇರಿಸುತ್ತಾರೆ. ಬಂಕಿನ ನೆಲದಡಿಯ ಟ್ಯಾಂಕಿಗೆ ಬಂದು ಬೀಳುವಾಗಲೇ ಅದು ಮಿಶ್ರಣ. ಬಂಕಿನವರ ಕೆಲಸ ಅಳೆದು ಕೊಡುವುದಷ್ಟೇ.

ಅಳತೆ ವಿಷಯದಲ್ಲಿ ಮಾತ್ರ ಪಂಪಿನ ಮೇಲೆ ನನಗೆ ಗೌರವ ಇದೆ. ಎಳೆದ ಪೆಟ್ರೋಲಿನಿಂದ ಮೊದಲು ಗಾಳಿಯ ಗುಳ್ಳೆಗಳನ್ನು ಬೇರೆ ಮಾಡುತ್ತಾರೆ, ಇಲ್ಲದಿದ್ದರೆ ಗಾಳಿಗೂ ನಾವೇ ದುಡ್ಡು ಕೊಡಬೇಕು. ಆಮೇಲೆ ಅದು ಮೀಟರಿಗೆ ಹೋಗುತ್ತದೆ. ಅಲ್ಲಿ ಸಣ್ಣ ಪಿಸ್ಟನ್‌ಗಳಿವೆ. ಪೆಟ್ರೋಲ್ ಒಂದೊಂದೇ ಕೋಣೆಯನ್ನು ತುಂಬಿ, ಪಿಸ್ಟನ್ ತಳ್ಳಿ, ಒಂದು ಶಾಫ್ಟನ್ನು ತಿರುಗಿಸುತ್ತದೆ. ಕೋಣೆಯ ಅಳತೆ ಗೊತ್ತಿರುವುದರಿಂದ ಶಾಫ್ಟ್ ಎಷ್ಟು ತಿರುಗಿತು ಅನ್ನುವುದರಲ್ಲೇ ಎಷ್ಟು ಲೀಟರ್ ಅನ್ನುವ ಲೆಕ್ಕ ಬರುತ್ತದೆ. ಶಾಫ್ಟಿನ ಜೊತೆ ಇರುವ ಪಲ್ಸರ್ ಅನ್ನುವ ಭಾಗ ಆ ತಿರುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡಿ ಡಿಸ್‌ಪ್ಲೇಗೆ ಕಳಿಸುತ್ತದೆ. ಮೀಟರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಇರುತ್ತದೆ. ಅನುಮಾನ ಬಂದರೆ 5 ಲೀಟರ್ ಅಳತೆ ಪಾತ್ರೆ ತರಿಸಿ ನೋಡುವ ಹಕ್ಕು ನಮಗಿದೆ. 5 ಲೀಟರಿಗೆ 25 ಮಿಲೀ ಆಚೀಚೆ ಆದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಕಡಿಮೆ ಬಂದರೆ ಆ ಪಂಪ್ ನಿಲ್ಲಿಸಬೇಕು.

(ಬೆಳಿಗ್ಗೆ ಚಳಿಯಲ್ಲಿ ಹಾಕಿಸಿದರೆ ಪೆಟ್ರೋಲ್ ಜಾಸ್ತಿ ಬರುತ್ತದೆ ಅನ್ನುವ ಮಾತು ಇಲ್ಲೂ ಚಾಲ್ತಿಯಲ್ಲಿದೆ. 10 ಡಿಗ್ರಿ ವ್ಯತ್ಯಾಸಕ್ಕೆ ಶೇ 1ರಷ್ಟು ಹಿಗ್ಗುವುದು ನಿಜ. ಆದರೆ ನೆಲದಡಿಯ ಟ್ಯಾಂಕಿಗೆ ನಮ್ಮ ಬೆಳಗಿನ ಚಳಿ ಅಷ್ಟು ಬೇಗ ತಟ್ಟಲ್ಲ. ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.)

ಇಷ್ಟೆಲ್ಲ ಮಾಡುವ ಮೀಟರಿಗೆ ಎಷ್ಟು ಹೋಯಿತು ಅಂತ ಗೊತ್ತು, ಏನು ಹೋಯಿತು ಅಂತ ಗೊತ್ತಿಲ್ಲ. ಅದನ್ನು ನಾವೇ ನೋಡಬಹುದು. ಗೆರೆ ಹಾಕಿದ ಗಾಜಿನ ಅಳತೆ ಜಾಡಿಗೆ 50 ಮಿಲೀ ನೀರು, 50 ಮಿಲೀ ಪೆಟ್ರೋಲ್ ಹಾಕಿ, ಮುಚ್ಚಿ ಅಲುಗಾಡಿಸಿ, ಮುಚ್ಚಳ ಸ್ವಲ್ಪ ಸಡಿಲ ಮಾಡಿ ಇಡಿ. ಎಥೆನಾಲ್ ಪೂರ್ತಿ ನೀರಿಗೆ ಇಳಿಯುತ್ತದೆ. ಇ20 ಆಗಿದ್ದರೆ ಕೆಳಗಿನ ನೀರಿನ ಮಟ್ಟ 60ರ ಹತ್ತಿರ ಬಂದು ನಿಲ್ಲುತ್ತದೆ. ಅಂಗಳದಲ್ಲಿ ಮಾಡಿ, ಒಲೆ, ಬೀಡಿ ಹತ್ತಿರ ಬೇಡ. ಹೀಗೆ ನೀರು ಹಾಕಿ ಎಥೆನಾಲ್ ತೆಗೆದು ಉಳಿದ ಪೆಟ್ರೋಲನ್ನು ಮಿಷನ್‌ಗೆ ಹಾಕುವವರೂ ಇದ್ದಾರೆ. ಅದು ನನಗೆ ಇಷ್ಟವಿಲ್ಲ. ಆಕ್ಟೇನ್ (ಇಂಜಿನ್ ನಾಕ್ ಆಗದಂತೆ ತಡೆಯುವ ಗುಣದ ಅಳತೆ) ಏರಿಸುತ್ತಿದ್ದುದೇ ಆ ಎಥೆನಾಲ್, ಅದರ ಆಕ್ಟೇನ್ 108ರ ಆಸುಪಾಸು. ಅದನ್ನು ತೆಗೆದರೆ ಉಳಿಯುವುದು ಬಡಕಲು ಪೆಟ್ರೋಲ್, ಮೇಲಿಂದ ಒದ್ದೆ ಬೇರೆ.

ಈಗ ಬೆರೆಸಿ ಕೊಡುವ ಪಂಪಿನ ವಿಷಯ. ಅಮೆರಿಕದಲ್ಲಿ ಇದು ಹಳೆಯ ಸಂಗತಿ. 1950ರ ದಶಕದಲ್ಲೇ ಸುನೊಕೊ ಕಂಪನಿ ಒಂದೇ ಪಂಪಿನಲ್ಲಿ ಹಲವು ಗ್ರೇಡ್ ಬೆರೆಸಿ ಕೊಡಲು ಶುರು ಮಾಡಿತ್ತು. ಇವತ್ತು ಅಲ್ಲಿಯ ಬಂಕುಗಳಲ್ಲಿ 87, 89, 93 ಆಕ್ಟೇನ್ ಅಂತ ಮೂರು ಬಟನ್ ಕಾಣುತ್ತವೆ, ಆದರೆ ಎಷ್ಟೋ ಕಡೆ ನೆಲದಡಿ ಟ್ಯಾಂಕ್ ಇರುವುದು ಎರಡೇ. (ಅವರ ಲೆಕ್ಕದ ರೀತಿ ಬೇರೆ, ಅಲ್ಲಿಯ 87 ಅಂದರೆ ಹೆಚ್ಚುಕಡಿಮೆ ನಮ್ಮ 91.) ನಡುವಿನ 89 ಹುಟ್ಟುವುದು ಪಂಪಿನೊಳಗೇ. ಎರಡು ಭಾಗ 87, ಒಂದು ಭಾಗ 93 ಸೇರಿಸಿ ನೋಡಿ, ಸರಿಯಾಗಿ 89 ಬರುತ್ತದೆ. ಎರಡು ಪೆಟ್ರೋಲಿಗೆ ಎರಡು ಮೀಟರ್, ಎರಡು ವಾಲ್ವ್. ಕಂಪ್ಯೂಟರ್ ಎರಡೂ ಕಡೆಯ ಸಿಗ್ನಲ್ ನೋಡುತ್ತಾ, ಒಂದು ಕಡೆ ಜಾಸ್ತಿಯಾದರೆ ಆ ವಾಲ್ವನ್ನು ಸ್ವಲ್ಪ ಮುಚ್ಚಿ, ಇನ್ನೊಂದನ್ನು ತೆರೆದು, ಅನುಪಾತ ಕಾಯುತ್ತದೆ. ಎಥೆನಾಲ್‌ಗೂ ಇದೇ ಉಪಾಯ. ಅಲ್ಲಿಯ ಜೋಳ ಬೆಳೆಯುವ ರಾಜ್ಯಗಳಲ್ಲಿ ಇ15, ಇ30, ಇ85 ಅಂತ ಬೇಕಾದ್ದನ್ನು ಒತ್ತಿ ಹಾಕಿಸಿಕೊಳ್ಳುವ ಪಂಪುಗಳಿವೆ.

ಇದನ್ನು ಓದಿದಾಗ ನಮಗೂ ಇದೇ ಬೇಕು ಅನಿಸಿತ್ತು. ಕಾರಿಗೆ ಇ20, ಮಿಷನ್‌ಗೆ ಎಥೆನಾಲ್ ಇಲ್ಲದ್ದು, ಬಟನ್ ಒತ್ತಿದರೆ ಆಯಿತು.

ಆದರೆ ಪೈಪಿನ ವಿಷಯ ಇದೆಯಲ್ಲ. ಬೆರೆತ ಮೇಲೆ ಪೆಟ್ರೋಲ್ ಒಂದೇ ಪೈಪಿನಲ್ಲಿ ಹೊರಗೆ ಬರುತ್ತದೆ, ಮತ್ತು ಹಿಂದಿನ ಗಿರಾಕಿಯ ಪೆಟ್ರೋಲ್ ಅದರಲ್ಲಿ ಉಳಿದಿರುತ್ತದೆ, ಒಂದು ಲೀಟರ್ ಆಸುಪಾಸು. ಕಾರಿಗೆ 30 ಲೀಟರ್ ಹಾಕಿಸುವವನಿಗೆ ಅದು ಲೆಕ್ಕಕ್ಕಿಲ್ಲ. 2012ರಲ್ಲಿ ಅಮೆರಿಕದಲ್ಲಿ ಇ15 ಬಂದಾಗ ಇದೇ ಗಲಾಟೆ ಆಯಿತು. ಒಂದೇ ಪೈಪಿನ ಪಂಪಿನಲ್ಲಿ ಕನಿಷ್ಠ 4 ಗ್ಯಾಲನ್, ಅಂದರೆ ಸುಮಾರು 15 ಲೀಟರ್ ಹಾಕಿಸಬೇಕು ಅಂತ ಅಲ್ಲಿಯ ಪರಿಸರ ಸಂಸ್ಥೆ ನಿಯಮ ಮಾಡಿತು, ನಮ್ಮ ಬೈಕಿನ ಟ್ಯಾಂಕೇ ಅಷ್ಟಿಲ್ಲವಲ್ಲ ಅಂತ ಬೈಕಿನವರು ತಿರುಗಿ ಬಿದ್ದರು. ಈಗ ನಮ್ಮ ತೋಟದ ರೈಟರ್ (ಲೆಕ್ಕಪತ್ರ, ಆಳುಗಳನ್ನು ನೋಡಿಕೊಳ್ಳುವವರು) ಎರಡು ಲೀಟರ್ ಕ್ಯಾನ್ ಹಿಡಿದು ಬಂಕಿಗೆ ಹೋಗುವುದನ್ನು ಯೋಚಿಸಿ. ಅವರು ಯಾವ ಬಟನ್ ಒತ್ತಿದರೂ ಕ್ಯಾನಿನ ಅರ್ಧ ಮುಂಚೆ ಬಂದ ಜೀಪಿನವರ ಇ20. ಮೀಟರ್ ಎರಡು ಲೀಟರ್ ಅಂತ ಸರಿಯಾಗಿಯೇ ತೋರಿಸುತ್ತದೆ, ಅನುಪಾತವೂ ಪಂಪಿನೊಳಗೆ ಸರಿಯಾಗಿಯೇ ಇರುತ್ತದೆ, ಕ್ಯಾನಿನಲ್ಲಿ ಮಾತ್ರ ಬೇರೆ ಏನೋ. ಸಣ್ಣ ಅಳತೆಯವರಿಗೆ ಈ ಪಂಪ್ ಪ್ರಯೋಜನವೇ ಇಲ್ಲ. ಅದು ಬೇಕಾಗಿರುವುದೂ ಸಣ್ಣ ಅಳತೆಯ ನಮಗೇ!

ನಮ್ಮ ದೇಶದಲ್ಲೂ ಬಂಕಿನಲ್ಲಿ ಬೆರೆಸುವುದು ಹೊಸದೇನಲ್ಲ. ಟೂ-ಸ್ಟ್ರೋಕ್ ಸ್ಕೂಟರ್, ಮೊಪೆಡ್ ಕಾಲದಲ್ಲಿ ಪೆಟ್ರೋಲ್ ಪಂಪಿನ ಪಕ್ಕದಲ್ಲೇ ಕೈಯಲ್ಲಿ ಒತ್ತುವ 2ಟಿ ಆಯಿಲ್ ಪಂಪ್ ಇರುತ್ತಿತ್ತು, ನೆನಪಿದೆಯಾ? ಜಾಸ್ತಿ ಆಯಿಲ್ ಹಾಕಿದರೆ ಇಂಜಿನ್‌ಗೆ ಒಳ್ಳೆಯದು ಅಂತ ಇನ್ನೊಂದು ಸಲ ಒತ್ತಿಸಿಕೊಂಡು, ನೀಲಿ ಹೊಗೆ ಬಿಡುತ್ತಾ ಹೋಗುವವರೇ ಜಾಸ್ತಿ. ದೆಹಲಿಯಲ್ಲಿ ಆ ಹೊಗೆ ವಿಪರೀತವಾಗಿ, 1998ರಲ್ಲಿ ಸುಪ್ರೀಂ ಕೋರ್ಟು ಲೂಸ್ ಆಯಿಲ್ ಮಾರುವುದನ್ನೇ ನಿಲ್ಲಿಸಿ, ಟೂ-ಸ್ಟ್ರೋಕ್ ಗಾಡಿಗಳಿಗೆ ಬಂಕಿನಲ್ಲೇ ಸರಿಯಾಗಿ ಬೆರೆಸಿದ ಪೆಟ್ರೋಲ್ ಮಾತ್ರ ಕೊಡಬೇಕು ಅಂತ ಹೇಳಿತು. ಅಂದರೆ ಮನಸ್ಸು ಮಾಡಿದರೆ ಇಲ್ಲಿ ಆಗುತ್ತದೆ.

ಹಾಗಾಗಿ ನಾನು ಕೇಳುವುದು ಬಟನ್ ಇರುವ ದೊಡ್ಡ ಪಂಪಲ್ಲ. ತೋಟ ಜಾಸ್ತಿ ಇರುವ ತಾಲ್ಲೂಕಿಗೊಂದು ಬಂಕಿನಲ್ಲಿ ಎಥೆನಾಲ್ ಇಲ್ಲದ ಪೆಟ್ರೋಲಿಗೆ ಬೇರೆ ಸಣ್ಣ ಟ್ಯಾಂಕ್, ಬೇರೆ ಮೀಟರ್, ಬೇರೆ ಪೈಪ್ ಇದ್ದರೆ ಸಾಕು. ದರ ಸ್ವಲ್ಪ ಜಾಸ್ತಿಯಾದರೂ ಕೊಡುತ್ತೇವೆ, ಕಾರ್ಬುರೇಟರ್ ಕಿಟ್‌ಗಿಂತ ಅಗ್ಗವೇ. ಎಥೆನಾಲ್ ಇರಲ್ಲ ಅಂತ 100 ಆಕ್ಟೇನ್ ಪೆಟ್ರೋಲ್ ಹುಡುಕಿಕೊಂಡು ಬೆಂಗಳೂರಿನ ಕಡೆ ಕ್ಯಾನ್ ಕಳಿಸುವವರ ಕಥೆ ಕೇಳಿದ್ದೇನೆ, ಒಂದು ಕಳೆ ಮಿಷನ್‌ಗೆ ಅದು ಅತಿಯಾಯಿತು.

ಅದು ಬರುವ ತನಕ ಮಾಡಬಹುದಾದ್ದು ಇಷ್ಟೇ. ಒಂದು ವಾರಕ್ಕೆ ಆಗುವಷ್ಟೇ ಪೆಟ್ರೋಲ್ ತನ್ನಿ. ಆಯಿಲ್ ಅಂದಾಜಿಗೆ ಸುರಿಯಬೇಡಿ, ಮಿಷನ್ ಪುಸ್ತಕದಲ್ಲಿ 50:1 ಅಂತಿದ್ದರೆ ಲೀಟರಿಗೆ 20 ಮಿಲೀ, 25:1 ಅಂತಿದ್ದರೆ 40. ಕ್ಯಾನ್ ಬಿಗಿಯಾಗಿ ಮುಚ್ಚಿ, ಹಾಕುವ ಮುಂಚೆ ಒಮ್ಮೆ ಚೆನ್ನಾಗಿ ಅಲುಗಾಡಿಸಿ. ಕೆಲಸ ಮುಗಿದು ಎತ್ತಿಡುವ ದಿನ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಇರುವುದು ಮುಗಿದು ತಾನಾಗಿ ಆಫ್ ಆಗುವ ತನಕ ಓಡಿಸಿ. ಬಂಕಿನ ಹುಡುಗರು ಪ್ಲಾಸ್ಟಿಕ್ ಬಾಟಲಿಗೆ ಹಾಕಲ್ಲ ಅಂದರೆ ಅವರ ಜೊತೆ ಜಗಳ ಬೇಡ, ತಗಡಿನ ಕ್ಯಾನ್ ತಗೊಂಡು ಹೋಗಿ.